ಎಡಗೈಯ ಗಂಟು

ತುರ್ಸುನೊಯ್ ಹುಟ್ಟುವ ಮೊದಲು ಅವಳ ತಾಯಿ ನಾಲ್ಕು ಮಕ್ಕಳನ್ನು ಹೆತ್ತು ನಾಲ್ಕನ್ನೂ ಮಣ್ಣಿಗೆ ಕೊಟ್ಟಿದ್ದಳು. ಐದನೆಯದು ಬಂದಾಗ ಅಜ್ಜಿ ಬೇರೇನನ್ನೂ ಬೇಡದೆ, ಇದೊಂದು ನಿಲ್ಲಲಿ ಎಂದು ಆ ಹೆಸರಿಟ್ಟಳು. ಹೆಸರಿನ ಅರ್ಥವೇ ಅದು, ಇರಲಿ, ಉಳಿಯಲಿ ಎಂದು. ಮಗು ಉಳಿಯಿತು. ಆದರೆ ತಾನೇ ತಿನ್ನುವ ವಯಸ್ಸು ಬಂದಾಗ ರೊಟ್ಟಿಗೆ ಎಡಗೈ ಚಾಚಿತು. ಅಜ್ಜಿ ಆ ಕೈಯನ್ನು ತಲೆವಸ್ತ್ರದಿಂದ ಸೊಂಟಕ್ಕೆ ಕಟ್ಟಿಹಾಕಿದಳು. ಒಂದು ಚಳಿಗಾಲವಿಡೀ ಹಾಗೇ ಇಟ್ಟಳು. ಮಂಜು ಕರಗಿದ ಮೇಲೆ ಬಿಚ್ಚಿ ನೋಡಿದರೆ, ಮಗು ರೊಟ್ಟಿಯನ್ನು ಬಲಗೈಯಲ್ಲಿ ಮುರಿಯುವುದಕ್ಕೆ ಕಲಿತಿತ್ತು, ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ಜೀವ ಉಳಿದಿದೆಯಲ್ಲ, ಅಷ್ಟು ಸಾಕು ಎಂದು ಅಜ್ಜಿ ಸುಮ್ಮನಾದಳು.

ಅವಳ ಊರು ರಿಶ್ತಾನಿನಲ್ಲಿ ಮನೆ ಬಿಟ್ಟು ಮನೆಗೆ ಕುಂಬಾರರ ಆವಿಗೆ. ಹೆಣ್ಣುಮಕ್ಕಳು ಹದಿನೈದು ತುಂಬುವ ಹೊತ್ತಿಗೆ ಕುಂಚ ಹಿಡಿದು ಬಟ್ಟಲಿನ ಮೇಲೆ ನೀಲಿ ಬಳ್ಳಿ ಬರೆಯುತ್ತಾರೆ. ತುರ್ಸುನೊಯ್ ಕೂಡ ಊರಿನ ದೊಡ್ಡ ಕಾರ್ಖಾನೆಗೆ ಕುಂಚದ ಆಸೆಯಿಂದಲೇ ಹೋದಳು. ಆಗ ಬರೆಯುವವರ ಮೇಲೆ ಉಸ್ತಾ ಮದಮಿನ್ ಇದ್ದರು, ಉಸ್ತಾ ಎಂದರೆ ಕಸುಬಿನ ಗುರು. ಇನ್ನೂ ಮೀಸೆ ಕಪ್ಪಗಿದ್ದ ಕಾಲ. ಅವಳು ಬರೆದ ಬಳ್ಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲರ ಬಳ್ಳಿ ಬಲಕ್ಕೆ ಸುರುಳಿ ಸುತ್ತಿದರೆ ಇವಳದು ಎಡಕ್ಕೆ. ಒಂದೇ ಜೊತೆಯ ಆರು ಬಟ್ಟಲಲ್ಲಿ ಇವಳು ಬರೆದದ್ದು ಮಾತ್ರ ಮುನಿಸಿಕೊಂಡು ಮುಖ ತಿರುಗಿಸಿದ ಹಾಗೆ ಕಾಣುತ್ತಿತ್ತು. "ನಿನ್ನ ಹೂವು ಚೆನ್ನಾಗಿದೆ ಮಗಳೇ, ಆದ್ರೆ ಗುಂಪಿಗೆ ಸೇರಲ್ಲ" ಎಂದು ಉಸ್ತಾ ಅವಳನ್ನು ಪೆಟ್ಟಿಗೆ ಕಟ್ಟುವ ಶೆಡ್ಡಿಗೆ ಕಳಿಸಿದರು. ಅವಳು ಒಂದು ದಿನ ಅತ್ತಳು. ಮರುದಿನ ಹುಲ್ಲು ಹೊಸೆಯಲು ಕೂತಳು.

ಹುಲ್ಲು ಎಂದರೆ ಭತ್ತದ ಹುಲ್ಲು. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಗ್ಗ ಹೊಸೆಯಬೇಕು. ಹತ್ತು ಬಟ್ಟಲನ್ನು ಒಂದರೊಳಗೊಂದು ಕೂರಿಸಿ, ನಡುನಡುವೆ ಹತ್ತಿಯ ಕಸರು ತುಂಬಿ, ಆ ಒದ್ದೆ ಹಗ್ಗದಿಂದ ಸುತ್ತಿ ಬಿಗಿದರೆ ಒಂದು ಕಟ್ಟು. ಹಗ್ಗ ಒಣಗಿದ ಮೇಲೆ ಸೌದೆಯಂತೆ ಸೆಟೆದು ನಿಲ್ಲುತ್ತದೆ, ಕುಯ್ಯದೆ ಬಿಚ್ಚಲು ಬರುವುದಿಲ್ಲ. ಇದು ಎಲ್ಲರೂ ಬಲ್ಲ ಕೆಲಸ. ಆದರೆ ಎಷ್ಟು ಬಿಗಿಯಬೇಕು ಎನ್ನುವುದು ತುರ್ಸುನೊಯ್‌ಗೆ ಗೊತ್ತಿದ್ದಂತೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದನ್ನು ಅವಳು ಕಲಿತದ್ದು ಶೆಡ್ಡಿನಲ್ಲಲ್ಲ, ಗಂಡನ ಲಾರಿಯಲ್ಲಿ.

ಗಂಡ ಸೋಬಿರ್ ಲಾರಿ ಓಡಿಸುತ್ತಿದ್ದ. ಮದುವೆಯಾದ ವರ್ಷ ಅವನ ಪಕ್ಕ ಕೂತು ಕಣಿವೆ ದಾಟಿ ತಾಷ್ಕೆಂಟಿಗೆ ಹೋದಳು. ದಾರಿಯುದ್ದಕ್ಕೂ ತೊಡೆಯ ಮೇಲೆ ಎರಡು ಬಟ್ಟಲು ಇಟ್ಟುಕೊಂಡು, ಅಂಗೈಯಿಂದ ಮುಚ್ಚಿ, ಕಣ್ಣು ಮುಚ್ಚಿ ಕೂತಿದ್ದಳಂತೆ. ಹೊಸ ಹೆಂಡತಿ ಪರ್ವತ ನೋಡಲಿ ಎಂದು ಕರೆದುಕೊಂಡು ಹೋದರೆ ಇವಳು ಬಟ್ಟಲು ಕಾಯುತ್ತಾಳೆ ಎಂದು ಅವನಿಗೆ ನಗು. ತಿರುಗಿ ಬಂದವಳೇ ಶೆಡ್ಡಿನಲ್ಲಿ ಹೇಳಿದಳು: ಬಟ್ಟಲನ್ನು ಒಡೆಯುವುದು ರಸ್ತೆಯಲ್ಲ, ಪಕ್ಕದ ಬಟ್ಟಲು. ಒಂದಕ್ಕೊಂದು ತಗುಲುವಷ್ಟು ಸಡಿಲವೂ ಇರಬಾರದು, ಉಸಿರು ಕಟ್ಟುವಷ್ಟು ಬಿಗಿಯೂ ಇರಬಾರದು. ಪಕ್ಕದಲ್ಲಿ ಕೂತು ಹುಲ್ಲು ಹೊಸೆಯುತ್ತಿದ್ದ ನೆರೆಮನೆಯ ಹಬೀಬಾ, "ಅತ್ತೆ ಸೊಸೆ ಮಾತು ಹೇಳಿದ ಹಾಗಿದೆಯಲ್ಲೇ" ಎಂದಳು. ಆ ಮಾತು ಇಂದಿಗೂ ಊರಿನಲ್ಲಿ ನಡೆಯುತ್ತದೆ.

ಕಾಲ ಕಳೆಯಿತು. ದೊಡ್ಡ ಕಾರ್ಖಾನೆ ಮುಚ್ಚಿತು. ಉಸ್ತಾ ಮದಮಿನ್ ತಮ್ಮ ಮನೆಯ ಹಿಂದೆಯೇ ಆವಿಗೆ ಹಾಕಿದಾಗ ಇಬ್ಬರು ಹೆಂಗಸರನ್ನು ಜೊತೆಗೆ ಕರೆತಂದರು, ತುರ್ಸುನೊಯ್ ಮತ್ತು ಹಬೀಬಾ. ಹುಲ್ಲು ಹೊಸೆಯುವುದು ಹಬೀಬಾ, ಕಟ್ಟಿ ಗಂಟು ಹಾಕುವುದು ತುರ್ಸುನೊಯ್ ಒಬ್ಬಳೇ. ಸೋಬಿರ್ ಎದೆನೋವಿನಿಂದ ತೀರಿಕೊಂಡ. ಮಗಳು ನಮಂಗಾನಿಗೆ ಮದುವೆಯಾಗಿ ಹೋದಳು. ಅಷ್ಟು ಹೊತ್ತಿಗೆ ತುರ್ಸುನೊಯ್ ಊರಿಗೆಲ್ಲ ಖೋಲಾ ಆಗಿದ್ದಳು, ಚಿಕ್ಕಮ್ಮ. ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಬಡಿದ ಮೇಲೆ ಅವಳು ಅದರ ಮೇಲೆ ಒಮ್ಮೆ ಕೂತು ಎದ್ದು, "ಹೋಗಿ ಬಾ" ಎನ್ನುತ್ತಿದ್ದಳು. ಮೂವತ್ತು ವರ್ಷಕ್ಕೂ ಮೇಲೆ ಅವಳು ಕಟ್ಟಿದ್ದರಲ್ಲಿ ಒಡೆದದ್ದು ಮೂರೋ ನಾಲ್ಕೋ. ಆ ಮೂರು ನಾಲ್ಕನ್ನೂ ಅವಳು ಹೆಸರು ಹಿಡಿದು ನೆನೆಯುತ್ತಿದ್ದಳು, ಸತ್ತವರನ್ನು ನೆನೆದಂತೆ.

ಒಂದು ಚಳಿಗಾಲದಲ್ಲಿ ಅಲ್ಮಾಟಿಯ ಒಂದು ಚಹಾದಂಗಡಿಗೆ ಹನ್ನೆರಡು ಪೆಟ್ಟಿಗೆ ಹೋಗಬೇಕಿತ್ತು. ಲೆಕ್ಕಪತ್ರವನ್ನೆಲ್ಲ ಆಗ ಉಸ್ತಾರ ಮಗ ಶವ್ಕತ್ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಹುಡುಗ, ಮಾತು ಕಡಿಮೆ, ಚಿಂತೆ ಜಾಸ್ತಿ. ಕೊಳ್ಳುವವರು ಕೇಳಿದರು ಎಂದು ಮೊದಲ ಸಲ ಸರಕಿಗೆ ವಿಮೆ ಮಾಡಿಸಿದ. ಖೋಲಾಗೆ ಅದು ಅಷ್ಟು ಹಿಡಿಸಲಿಲ್ಲ. ಒಡೆಯುತ್ತದೆ ಎಂದು ಮೊದಲೇ ದುಡ್ಡು ಕಟ್ಟುವುದು ಅಪಶಕುನವಲ್ಲವೇ ಎಂದು ಕೇಳಿದಳು. ಅದು ಕಾಗದದ ಮಾತು, ತಲೆ ಕೆಡಿಸಿಕೊಳ್ಳಬೇಡಿ ಎಂದು ಅವನು ನಕ್ಕ. ಪೆಟ್ಟಿಗೆಗಳು ಹೊರಟವು, ದಾರಿಯಲ್ಲಿ ಒಂದು ಗೋದಾಮಿನಲ್ಲಿ ಲಾರಿ ಬದಲಾಯಿಸಿ ಮುಂದೆ ಹೋದವು. ಎರಡು ವಾರಕ್ಕೆ ಫೋನು ಬಂತು. ಹನ್ನೆರಡರಲ್ಲಿ ಏಳು ಪೆಟ್ಟಿಗೆ ಅಲುಗಿಸಿದರೆ ಗಲಗಲ ಎನ್ನುತ್ತಿವೆ, ಒಂದರ ಮುಚ್ಚಳ ತೆಗೆದರೆ ಬರೀ ಚೂರು, ಫೋಟೋ ತೆಗೆದಿದ್ದೇವೆ, ಆ ಏಳನ್ನೂ ನಿಮಗೇ ವಾಪಸು ಕಳಿಸುತ್ತಿದ್ದೇವೆ ಎಂದರು.

ಪೆಟ್ಟಿಗೆಗಳು ಹಿಂದಿರುಗಿ ಅಂಗಳದಲ್ಲಿ ಇಳಿದ ದಿನ ಶವ್ಕತ್ ಊರಲ್ಲಿರಲಿಲ್ಲ. ಫರ್ಗಾನಾದ ವಿಮೆ ಕಚೇರಿಗೆ ಹೋಗಿದ್ದ. ಅವನ ಹೆಂಡತಿ ಗುಲ್ಚೆಹ್ರಾಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಎನ್ನುವಂತಿದ್ದಳು. ಸೂರ್ಯ ಗೋಡೆಗಿಂತ ಕೆಳಗೆ ಇಳಿದಿದ್ದ. ಖೋಲಾ ಒಂದು ಪೆಟ್ಟಿಗೆಯನ್ನು ಕೈಯಿಂದ ತಳ್ಳಿದಳು. ಒಳಗೆ ಗಲಗಲ ಎಂದಿತು. ಅವಳ ಮುಖ ಕಪ್ಪಿಟ್ಟಿತು.

ಒಡೆದ ಪಾತ್ರೆ ಮನೆಯಲ್ಲಿ ರಾತ್ರಿ ಕಳೆಯಬಾರದು. ಬಿರುಕು ಬಿಟ್ಟ ಬಟ್ಟಲನ್ನು ಕೂಡ ಯಾರೂ ಇಟ್ಟುಕೊಳ್ಳುವುದಿಲ್ಲ. ಅಂಥದ್ದರಲ್ಲಿ ಬಸುರಿ ಇರುವ ಮನೆಯ ಅಂಗಳದಲ್ಲಿ ಏಳು ಪೆಟ್ಟಿಗೆ ಚೂರು. ನಾಲ್ಕು ಕೂಸು ಮಣ್ಣಾದ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳೂ ಹಬೀಬಾಳೂ ಕೈಗಾಡಿಯ ಮೇಲೆ ಒಂದೊಂದಾಗಿ ಹೇರಿಕೊಂಡು ಹಿತ್ತಲ ಕಾಲುವೆಯ ತಿರುವಿಗೆ ಹೋದರು. ಹರಿಯುವ ನೀರಿಗೆ ಕೊಟ್ಟರೆ ದೋಷವಿಲ್ಲ. ಖೋಲಾ ಮುಚ್ಚಳ ಕಿತ್ತು, ಮುಖ ಅತ್ತ ತಿರುಗಿಸಿಕೊಂಡು, ಏಳನ್ನೂ ಸುರಿದಳು. ಒಮ್ಮೆಯೂ ಒಳಗೆ ನೋಡಲಿಲ್ಲ. ಪೆಟ್ಟಿಗೆಗಳು ಒಳ್ಳೆಯ ಹಲಗೆಯವು, ಅವನ್ನು ತೊಳೆದು ಗೋಡೆಗೆ ಒರಗಿಸಿದಳು.

ಕತ್ತಲಾಗುವ ಮುಂಚೆ ಶವ್ಕತ್ ಬಂದ. ಖಾಲಿ ಪೆಟ್ಟಿಗೆ ನೋಡಿ ಅಲ್ಲೇ ನಿಂತ.

"ಖೋಲಾ, ಚೂರೆಲ್ಲಿ?"

"ಕಾಲುವೆಗೆ ಹಾಕಿದೆ ಕಣಪ್ಪ. ನಿನ್ನ ಹೆಂಡ್ತಿ ಒಳಗೆ ಮಲಗಿದ್ದಾಳೆ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯ ಮೇಲೆ ಕೂತು ಮೆಲ್ಲಗೆ ಹೇಳಿದ, ಯಾವುದನ್ನೂ ಮುಟ್ಟದೆ ಹಾಗೇ ಇಡಬೇಕಂತೆ, ಗುರುವಾರ ತನಿಖೆಯವನು ಬಂದು ನೋಡುತ್ತಾನಂತೆ, ನೋಡಿದರೆ ಮಾತ್ರ ಪರಿಹಾರವಂತೆ.

ಗುರುವಾರ ತನಿಖೆಯವನು ಬಂದ. ಹೆಸರು ಮಿರ್ಕೊಮಿಲ್. ಮೂವತ್ತೈದರ ಆಸುಪಾಸು, ತಲೆಗೆ ತುಪ್ಪಳದ ಟೋಪಿ, ಕೈಯಲ್ಲಿ ಚರ್ಮದ ಚೀಲ, ಮೂಗು ನೆಗಡಿಯಿಂದ ಕೆಂಪು. ಖಾಲಿ ಪೆಟ್ಟಿಗೆಗಳನ್ನು ನೋಡಿದ. ಕಾಲುವೆಯನ್ನು ನೋಡಿದ, ಅದು ಕೆಸರುಗಂದು ಬಣ್ಣದಲ್ಲಿ ಹರಿಯುತ್ತಿತ್ತು. ಚೀಲದಿಂದ ಅಲ್ಮಾಟಿಯ ಫೋಟೋ ತೆಗೆದು ಮೇಜಿನ ಮೇಲೆ ಹರಡಿದ. ಖೋಲಾ ಬಗ್ಗಿ ನೋಡಿದಳು. ಚೂರು, ಹುಲ್ಲು, ಅಲ್ಲಲ್ಲಿ ನೀಲಿ ಗೀರು. ನೀಲಿ ಬಳ್ಳಿಯ ಮುರಿದ ತುಂಡುಗಳು ಎಂದುಕೊಂಡಳು. ಕಣ್ಣು ಮಂಜಾಯಿತು, ಮುಂದೆ ನೋಡಲಾಗಲಿಲ್ಲ.

ಮಿರ್ಕೊಮಿಲ್ ಕೆಟ್ಟವನಲ್ಲ. ತನಗೆ ಕಲಿಸಿದ್ದನ್ನು ಹೇಳಿದ. ದೂರದ ದಾರಿಗೆ ಹುಲ್ಲಿನ ಕಟ್ಟು ಸಾಲದು, ಈಗ ಥರ್ಮಾಕೋಲು, ಗುಳ್ಳೆ ಪ್ಲಾಸ್ಟಿಕ್ಕು ಬಂದಿದೆ. ಮೇಲಾಗಿ, ಒಡೆದ ಮಾಲನ್ನು ತನಿಖೆಗೆ ಮುಂಚೆ ಎಸೆದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಮೇಲಿನವರು ತಿಳಿಯುತ್ತಾರೆ. ಬಸುರಿಯ ವಿಷಯ ಹೇಳಿದಾಗ ಅವನು ತಲೆಯಾಡಿಸಿದ. ತನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು, ಆದರೆ ಫಾರಂನಲ್ಲಿ ಅದಕ್ಕೆ ಜಾಗವಿಲ್ಲ ಎಂದ. ಆಮೇಲೆ ಪೆನ್ನು ತೆಗೆದು ಕೇಳಿದ:

"ಕಟ್ಟಿದವರು ನೀವೇನಾ ಅಮ್ಮ? ಪೂರ್ತಿ ಹೆಸರು ಹೇಳಿ. 'ಕಟ್ಟಿದ್ದು ಸರಿಯಿಲ್ಲದ ಕಾರಣ' ಅಂತ ಬರೀಬೇಕು."

ಅವಳು ಹೆಸರು ಹೇಳಿದಳು. ಅವನು ಬರೆದ. ಆ ಪೆನ್ನಿನ ಕರಕರ ಸದ್ದು ಅವಳ ಕಿವಿಯಲ್ಲಿ ಬಹಳ ದಿನ ಇತ್ತು.

ಆಮೇಲೆ ಅವಳು ಅತಿಥಿಗೆ ಚಹಾ ಬಗ್ಗಿಸಿದಳು. ನಮ್ಮಲ್ಲಿ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುವುದು, ಕುಡಿದಂತೆಲ್ಲ ಮತ್ತೆ ಬಗ್ಗಿಸುವುದು, ಕೂರು ಕೂರು ಎಂದು ಉಪಚರಿಸಿದ ಹಾಗೆ. ಅಂಚಿನ ತನಕ ತುಂಬಿ ಕೊಟ್ಟರೆ ಕುಡಿದು ಜಾಗ ಖಾಲಿ ಮಾಡು ಎಂದು ಅರ್ಥ. ಖೋಲಾ ಅಂಚಿನ ತನಕ ತುಂಬಿದಳು. ಚಹಾ ಬಟ್ಟಲಿನ ತುಟಿಯ ಮೇಲೆ ನಡುಗುತ್ತಾ ನಿಂತಿತು. ಹಬೀಬಾ ಬಾಯಿಗೆ ತಲೆವಸ್ತ್ರದ ತುದಿ ಇಟ್ಟುಕೊಂಡಳು. ಮಿರ್ಕೊಮಿಲ್ ಬಟ್ಟಲು ನೋಡಿದ, ಅವಳ ಮುಖ ನೋಡಿದ, ನಾಲಿಗೆ ಸುಡುವುದನ್ನೂ ಲೆಕ್ಕಿಸದೆ ಒಂದೇ ಗುಟುಕಿಗೆ ಕುಡಿದು, ಟೋಪಿ ಹಾಕಿಕೊಂಡು ಹೋದ.

ಎರಡು ದಿನಕ್ಕೆ ಗುಲ್ಚೆಹ್ರಾಗೆ ಹೆರಿಗೆಯಾಯಿತು. ಹೆಣ್ಣುಮಗು, ಗುಂಡು ಗುಂಡಾಗಿ, ಬೀದಿ ಕೊನೆಗೆ ಕೇಳುವ ಗಂಟಲು. "ಚೂರು ಹೊರಗೆ ಹಾಕಿದ್ದಕ್ಕೇ ಖೋಲಾ, ಇಲ್ದಿದ್ರೆ ಏನಾಗ್ತಿತ್ತೋ" ಎಂದು ಗುಲ್ಚೆಹ್ರಾ ಅವಳ ಕೈ ಹಿಡಿದುಕೊಂಡಳು. ಖೋಲಾಗೆ ಅಷ್ಟೇ ಸಮಾಧಾನ.

ಶೆಡ್ಡಿನಲ್ಲಿ ಮಾತ್ರ ಹುಲ್ಲು ಒಣಗಿತು. ಶವ್ಕತ್ ತಾಷ್ಕೆಂಟಿನಿಂದ ಎರಡು ದೊಡ್ಡ ಸುರುಳಿ ಗುಳ್ಳೆ ಪ್ಲಾಸ್ಟಿಕ್ಕು ತರಿಸಿದ. ಬಹಳ ಸಂಕೋಚದಿಂದಲೇ ಹೇಳಿದ, ಖೋಲಾ, ಕಂಪನಿಯವರ ಅಂತಿಮ ಪತ್ರ ಬರುವವರೆಗೆ ನೀವು ಪೆಟ್ಟಿಗೆ ಕಟ್ಟೋದು ಬೇಡ, ಅಂಗಳದಲ್ಲಿ ಬಂದವರಿಗೆ ಚಹಾ ಕೊಡ್ತಾ ಇರಿ, ಸಂಬಳಕ್ಕೇನೂ ಕಡಿಮೆಯಿಲ್ಲ. ಅವಳು ಹ್ಞೂಂ ಎಂದಳು. ಆದರೆ ಸಂಬಳದ ಮಾತು ಅವಳ ಕಿವಿಗೇ ಬೀಳಲಿಲ್ಲ. ಎಲ್ಲೋ ಒಂದು ಕಚೇರಿಯ ಕಪಾಟಿನಲ್ಲಿ ತನ್ನ ಹೆಸರು, ಅದರ ಪಕ್ಕದಲ್ಲಿ 'ಸರಿಯಿಲ್ಲ' ಎಂಬ ಮಾತು. ಸತ್ತ ಮೇಲೂ ಅದು ಅಲ್ಲೇ ಇರುತ್ತದೆ. ಉಳಿಯಲಿ ಎಂದು ಹೆಸರಿಟ್ಟ ಅಜ್ಜಿ ಉಳಿಯಲಿ ಎಂದದ್ದು ಇದನ್ನಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವಳಿಗೇ ಅನುಮಾನ ಬಂದಿತ್ತು. ಕೈ ಸೋತಿತೇನೋ. ವಯಸ್ಸು ಐವತ್ತನಾಲ್ಕು. ರಾತ್ರಿ ತಲೆದಿಂಬಿಗೆ ದಾರ ಸುತ್ತಿ ಬಿಗಿದು ನೋಡುತ್ತಿದ್ದಳು.

ಮಾರ್ಚ್ ನಡುವಿನಲ್ಲಿ ಕಾಲುವೆಯ ನೀರು ನಿಲ್ಲಿಸುತ್ತಾರೆ. ಹೊಲಕ್ಕೆ ನೀರು ಬಿಡುವ ಮುಂಚೆ ಬೀದಿಯವರೆಲ್ಲ ಸೇರಿ ಹೂಳು ಎತ್ತಬೇಕು. ಕೂಲಿಯಿಲ್ಲ, ಹಾಜರಿಯಿಲ್ಲ, ಬಾರದಿದ್ದವನನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ ಅಷ್ಟೆ. ಆ ಬಾರಿಯೂ ಎಲ್ಲರೂ ಸಲಿಕೆ ಹಿಡಿದು ಇಳಿದರು. ದಡದ ಮೇಲೆ ದೊಡ್ಡ ಕಡಾಯಿಯಲ್ಲಿ ಮಾಂಸದ ಸಾರು ಕುದಿಯುತ್ತಿತ್ತು. ಉಸ್ತಾ ಮದಮಿನ್ ಮಂಡಿನೋವಿನಿಂದ ಇಳಿಯಲಾಗದೆ ಕುರ್ಚಿ ಹಾಕಿಸಿಕೊಂಡು ಮೇಲಿಂದಲೇ ಹುಕುಂ ನಡೆಸುತ್ತಿದ್ದರು.

ಊರಿನ ಗುಟ್ಟೆಲ್ಲ ಇರುವುದು ಕಾಲುವೆಯ ಹೂಳಿನಲ್ಲಿ. ಒಡೆದ ಬಟ್ಟಲು, ಮೂತಿ ಮುರಿದ ಚಹಾಪಾತ್ರೆ, ಮೂರು ಜನ ಅತ್ತೆಯರ ಕಾಲದ ತಟ್ಟೆ. ಹಬೀಬಾ ಒಂದು ಚೂರನ್ನು ಎತ್ತಿ ಹಿಡಿದು, "ಇದು ನಮ್ಮತ್ತೆ ನನ್ನ ತಲೆಗೆ ಗುರಿ ಇಟ್ಟಿದ್ದು. ಗೋಡೆಗೆ ಬಿತ್ತು. ಆ ಮುದುಕಿಗೆ ಯಾವ ಕೆಲಸಾನೂ ನೆಟ್ಟಗೆ ಬರ್ತಿರ್ಲಿಲ್ಲ" ಎಂದಳು. ಎಲ್ಲರೂ ನಕ್ಕರು. ಖೋಲಾ ನಗಲಿಲ್ಲ. ಅವಳು ಆ ತಿರುವಿಗೆ ಒಬ್ಬಳೇ ಹೋಗಿದ್ದಳು. ತಾನು ಸುರಿದದ್ದನ್ನು ತಾನೇ ಎತ್ತುವುದು ನ್ಯಾಯ ಎಂದುಕೊಂಡು.

ಕೆಸರಿಗೆ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಒಂದು ಕಟ್ಟು. ಬಿಚ್ಚದೆ ಸುರಿದಿದ್ದಳಲ್ಲ, ಹುಲ್ಲಿನ ಹಗ್ಗ ಇನ್ನೂ ಸುತ್ತಿಕೊಂಡೇ ಇತ್ತು, ಒಳಗೆ ಚೂರು ಸರಿದಾಡುತ್ತಿತ್ತು. ಹೆಬ್ಬೆರಳು ತಾನಾಗಿಯೇ ಗಂಟಿನ ಮೇಲೆ ಹೋಯಿತು. ಹೋದದ್ದೇ ಅಲ್ಲಿ ನಿಂತಿತು. ಗಂಟು ಬಲಕ್ಕೆ ತಿರುಗಿತ್ತು.

ಇನ್ನೊಂದನ್ನು ಎತ್ತಿದಳು. ಬಲಕ್ಕೆ. ಅದರ ಹಗ್ಗವನ್ನು ಚಾಕುವಿನಿಂದ ಕುಯ್ದಿದ್ದರು, ಗಂಟು ಹಾಕಲು ಉದ್ದ ಸಾಲದೆ ನೀಲಿ ಪ್ಲಾಸ್ಟಿಕ್ ದಾರದ ತುಂಡನ್ನು ಸೇರಿಸಿದ್ದರು. ಮೂರನೆಯದು ಸ್ವಲ್ಪ ಆಳದಲ್ಲಿತ್ತು, ಕಲ್ಲಿನ ಹಾಗೆ ಗಟ್ಟಿ. ಅದರ ಗಂಟು ಎಡಕ್ಕೆ. ಮೆಲ್ಲಗೆ ಅಲುಗಿಸಿದಳು. ಸದ್ದಿಲ್ಲ.

ಅವಳು ಕೆಸರಿನಲ್ಲೇ ಕೂತುಬಿಟ್ಟಳು. ಹಬೀಬಾ ಏನಾಯಿತೋ ಎಂದು ಓಡಿಬಂದು ಕಟ್ಟಿಗೆ ಕೈ ಹಾಕಿದಳು. ಖೋಲಾ ಅವಳ ಮಣಿಕಟ್ಟು ಹಿಡಿದಳು.

"ಮುಟ್ಬೇಡ. ಈ ಸಲ ಏನೂ ಮುಟ್ಬೇಡಿ ಯಾರೂ. ಆ ಟೋಪಿಯವನನ್ನ ಕರೀರಿ."

ಅಲ್ಲಿಂದ ಹೊಸ ತಾಪತ್ರಯ. ನೀರು ಬಿಡುವ ಮೇಲ್ವಿಚಾರಕ ದಡದ ಮೇಲೆ ಬಂದು ನಿಂತ. ನಾಳೆ ಮಧ್ಯಾಹ್ನಕ್ಕೆ ತೂಬು ತೆಗೆಯಬೇಕು, ಕೆಳಗಿನ ನಾಲ್ಕು ಊರು ಕಾಯುತ್ತಿವೆ, ನಿಮ್ಮ ಬಟ್ಟಲಿಗಾಗಿ ಗೋಧಿ ಒಣಗಿಸಲೇ ಎಂದ. ಶವ್ಕತ್ ಫರ್ಗಾನಾಕ್ಕೆ ಫೋನು ಮಾಡಿದ. ಮಿರ್ಕೊಮಿಲ್ ಕಡತ ಮುಚ್ಚಿದೆ ಎಂದ. ಮೇಲಿನವರ ಸಹಿಗೆ ಸೋಮವಾರ ಹೋಗುತ್ತದೆ, ಈಗ ಗಂಟು ತೋರಿಸುತ್ತೇವೆ ಎಂದರೆ ಯಾರು ನಂಬುತ್ತಾರೆ ಎಂದ. ಖೋಲಾ ಕೆಸರು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನು ಕೇಳಿದಳು. ಅವಳು ಫೋನಿನಲ್ಲಿ ಮಾತಾಡಿದ್ದು ಕಡಿಮೆ, ಆದ್ದರಿಂದ ದೂರದವರಿಗೆ ಕೂಗಿ ಹೇಳುವಂತೆ ಹೇಳಿದಳು. ಕಾಲುವೆಯಲ್ಲಿದ್ದವರೆಲ್ಲ ಕೇಳಿಸಿಕೊಂಡರು.

"ಮಗಾ, ಅವತ್ತು ನಿನಗೆ ಬಟ್ಟಲು ತುಂಬಿ ಕೊಟ್ಟೆ. ಮನೆಗೆ ಬಂದವನಿಗೆ ಹಾಗೆ ಮಾಡ್ಬಾರ್ದಿತ್ತು. ನನ್ನ ಜೀವಮಾನದಲ್ಲಿ ಯಾರಿಗೂ ಮಾಡಿರ್ಲಿಲ್ಲ. ನೀನು ಬರದಿದ್ರೆ ಆ ತಪ್ಪು ನನ್ನ ತಲೆ ಮೇಲೇ ಉಳಿಯತ್ತೆ. ನೀನು ಏನು ಬೇಕಾದ್ರೂ ಬರ್ಕೋ. ಚಹಾ ಕುಡಿಯೋಕಾದ್ರೂ ಬಾ."

ಆ ಕಡೆ ಮೂಗು ಒರೆಸಿಕೊಳ್ಳುವ ಸದ್ದು. ಬೆಳಿಗ್ಗೆ ಬರುತ್ತೇನೆ ಎಂದ.

ಮರುದಿನ ಒಂಬತ್ತಕ್ಕೆಲ್ಲ ಬಂದ. ಹಬೀಬಾಳ ಗಂಡನ ರಬ್ಬರು ಬೂಟು ಅವನ ಕಾಲಿಗೆ ದೊಡ್ಡದು, ಕೆಸರಿನಲ್ಲಿ ಒಂದೊಂದು ಹೆಜ್ಜೆಗೂ ಕಾಲು ಮೇಲೆ ಬರುತ್ತಿತ್ತು, ಬೂಟು ಕೆಳಗೇ ಉಳಿಯುತ್ತಿತ್ತು. ಯಾರೋ ಹಿಂದಿನಿಂದ, "ಬೂಟಿಗೂ ವಿಮೆ ಮಾಡ್ಸಿ ಸಾಹೇಬ್ರೇ" ಎಂದರು. ಅವನು ನಗಲಿಲ್ಲ. ಫೋಟೋ ತೆಗೆದ, ಗಂಟುಗಳನ್ನು ನೋಡಿದ. ಖೋಲಾ ಹೇಳಿದ್ದನ್ನೆಲ್ಲ ಕೇಳಿದ. ತಾನು ಎಡಚಿ, ತನ್ನ ಗಂಟು ಯಾವತ್ತೂ ಎಡಕ್ಕೇ ತಿರುಗುವುದು, ಯಾರೋ ನಡುವೆ ಪೆಟ್ಟಿಗೆ ತೆರೆದು ಕಟ್ಟುಗಳನ್ನು ಕುಯ್ದು ಒಳಗೇನಿದೆಯೆಂದು ನೋಡಿ, ಹತ್ತಿ ಕೂಡ ಸರಿಯಾಗಿ ಇಡದೆ ಮತ್ತೆ ಕಟ್ಟಿದ್ದಾರೆ ಎಂದಳು.

ಮಿರ್ಕೊಮಿಲ್ ಬೇಸರದಿಂದಲೇ ಹೇಳಿದ:

"ಅಮ್ಮಾ, ನಾನು ನಂಬ್ತೀನಿ. ಆದ್ರೆ ನಿನ್ನೆ ಸಾಯಂಕಾಲ ಇಲ್ಲೇ ಯಾರೋ ಬಲಕ್ಕೆ ಗಂಟು ಹಾಕಿ ಕೆಸರಲ್ಲಿ ಹೂತಿಟ್ರು ಅಂತ ನಮ್ಮ ಸಾಹೇಬ್ರು ಕೇಳಿದ್ರೆ ಏನು ಹೇಳ್ಲಿ?"

ಮೇಲ್ವಿಚಾರಕ ಗಡಿಯಾರ ನೋಡಿಕೊಂಡ. ಖೋಲಾ ಸುಮ್ಮನೆ ಕೈಯಲ್ಲಿದ್ದ ಕಟ್ಟಿನ ಕೆಸರನ್ನು ಬೆರಳಿನಿಂದ ತೊಡೆಯುತ್ತಿದ್ದಳು. ಕೆಸರು ಹೋದಂತೆ ಆ ಪ್ಲಾಸ್ಟಿಕ್ ದಾರ ಬಿಸಿಲಿಗೆ ನೀಲಿಯಾಗಿ ಮಿನುಗಿತು. ಬಳ್ಳಿಯ ನೀಲಿಯಲ್ಲ, ಬಕೆಟ್ಟಿನ ನೀಲಿ. ಅವಳ ಬೆರಳು ನಿಂತಿತು.

"ಆ ಫೋಟೋ ಇದೆಯಾ ಮಗಾ? ಅವತ್ತು ತೋರ್ಸಿದ್ಯಲ್ಲ?"

ಇತ್ತು. ದಡಕ್ಕೆ ಹತ್ತಿ, ಉಸ್ತಾರ ಮೊಣಕಾಲ ಮೇಲೆ ಹರಡಿ ನೋಡಿದರು. ಅವತ್ತು ಅವಳು ಮುರಿದ ಬಳ್ಳಿ ಎಂದುಕೊಂಡಿದ್ದ ನೀಲಿ ಗೀರುಗಳು ಅಲ್ಲೇ ಇದ್ದವು. ಚೂರಿನ ಮೇಲಲ್ಲ, ಹುಲ್ಲಿನ ನಡುವೆ. ಒಂದು ಕಡೆ ತುದಿ ಬಿಟ್ಟುಕೊಂಡು, ಇನ್ನೊಂದು ಕಡೆ ಗಂಟು ಸಮೇತ.

ಮಿರ್ಕೊಮಿಲ್ ಫೋಟೋವನ್ನು ಕಣ್ಣ ಹತ್ತಿರ ಹಿಡಿದ. "ಈ ದಾರ ನಿಮ್ಮದೇ ಅಂದ್ಕೊಂಡಿದ್ದೆ ನಾನು" ಎಂದ. ಅವನ ಕಿವಿ ಕೂಡ ಮೂಗಿನಷ್ಟೇ ಕೆಂಪಾಗಿತ್ತು. ನಮ್ಮ ಶೆಡ್ಡಿಗೆ ಬಾ, ಮೂಲೆಮೂಲೆ ಹುಡುಕು, ಪ್ಲಾಸ್ಟಿಕ್ ದಾರ ಒಂದು ಗೇಣು ಸಿಕ್ಕಿದರೂ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಉಸ್ತಾ ಅಬ್ಬರಿಸಿದರು. ಅವನು ಹೋಗಿ ನಿಜವಾಗಿಯೂ ಹುಡುಕಿದ. ತಿರುಗಿ ಬಂದು ಬರೆದುಕೊಂಡ. ಫೋಟೋ ತೆಗೆದದ್ದು ಅಲ್ಮಾಟಿಯಲ್ಲಿ, ಸರಕು ರಿಶ್ತಾನಿಗೆ ವಾಪಸು ಬರುವ ಮುಂಚೆ. ಅದನ್ನು ಯಾವ ಸಾಹೇಬನೂ ಅಲ್ಲಗಳೆಯುವಂತಿಲ್ಲ.

ಇನ್ನು ಉಳಿದದ್ದು ಎಡಗಂಟಿನ ಕಟ್ಟುಗಳು. ಕೆಸರಿನಿಂದ ಆರು ಸಿಕ್ಕಿದ್ದವು. ದಾರಿಯಲ್ಲಿ ಲಾರಿ ಬದಲಾಯಿಸಿದ ಗೋದಾಮಿನವರು ಕುಯ್ದು ಕುಯ್ದು ಬೇಸತ್ತು ಅಡಿಯಲ್ಲಿದ್ದವನ್ನು ಹಾಗೇ ಬಿಟ್ಟಿರಬೇಕು. ಖೋಲಾ ಒಂದನ್ನು ಎತ್ತಿ ಮಿರ್ಕೊಮಿಲ್‌ನ ಮಡಿಲಿಗೆ ಇಟ್ಟು, ನೀನೇ ಬಿಚ್ಚು ಎಂದಳು. ಅವನು ಬಿಚ್ಚಲು ನೋಡಿದ, ಆಗಲಿಲ್ಲ. ಚಾಕು ಕೊಟ್ಟರು. ಕುಯ್ದ. ಹುಲ್ಲು, ಕೆಸರು, ನೆಂದ ಹತ್ತಿ, ಅದರೊಳಗಿಂದ ಒಂದೊಂದಾಗಿ ಬಟ್ಟಲು. ಅಲ್ಮಾಟಿಗೆ ಹೋಗಿ, ಬಂದು, ಕಾಲುವೆಗೆ ಬಿದ್ದು, ಒಂದು ತಿಂಗಳು ನೀರಲ್ಲಿದ್ದ ಬಟ್ಟಲು. ಹಬೀಬಾ ಕೊಡದ ನೀರಿನಲ್ಲಿ ತೊಳೆದು ಕೊಟ್ಟಳು. ಮಿರ್ಕೊಮಿಲ್ ಮೊದಲನೆಯದನ್ನು ಅಂಗೈ ಮೇಲೆ ಕೂರಿಸಿ, ನಮ್ಮವರೆಲ್ಲ ಮಾಡುವಂತೆ, ಉಗುರಿನಿಂದ ಅಂಚಿಗೆ ಹೊಡೆದ.

ಟಿಣ್.

ಸಲಿಕೆ ಹಿಡಿದವರು ಕೂಡ ಹತ್ತಿರ ಬಂದರು. ಎರಡನೆಯದು. ಮೂರನೆಯದು. ಹತ್ತೂ ಹಾಡಿದವು. ಎಂಟನೆಯದಕ್ಕೆ ಖೋಲಾ ಮುಖಕ್ಕೆ ತಲೆವಸ್ತ್ರ ಮುಚ್ಚಿಕೊಂಡಿದ್ದಳು. ಕೈ ಸೋತಿರಲಿಲ್ಲ.

ಉಸ್ತಾ ಮದಮಿನ್ ಒಂದು ಬಟ್ಟಲನ್ನು ಕೈಗೆ ತೆಗೆದುಕೊಂಡರು. "ಅವತ್ತು ನಿನಗೆ ಕುಂಚ ಕೊಡಲಿಲ್ಲ ನಾನು, ತುರ್ಸುನೊಯ್."

"ಕೊಟ್ಟಿದ್ರೆ ನಿಮ್ಮ ಹೂವೆಲ್ಲ ದಾರಿ ಮೇಲೆ ಉದುರ್ತಿತ್ತು ಬಿಡಿ ಉಸ್ತಾ" ಎಂದಳು ಅವಳು, ವಸ್ತ್ರದೊಳಗಿಂದಲೇ.

ಮಧ್ಯಾಹ್ನ ತೂಬು ತೆಗೆದರು. ದಡದ ಮೇಲೆ ಕೂತು ಮಿರ್ಕೊಮಿಲ್ ಸಾರು ಕುಡಿದ, ರೊಟ್ಟಿ ತಿಂದ. ಚಹಾ ಬಗ್ಗಿಸಿದವಳು ಖೋಲಾ, ಅದೂ ಕಾಲುವೆಯಿಂದ ಬಂದ ಬಟ್ಟಲಿಗೆ. ಬಟ್ಟಲಿನ ಬುಡ ಮುಚ್ಚುವಷ್ಟೇ. ಕುಡಿದರೆ ಮತ್ತಷ್ಟು. ಹದಿನೇಳು ಸಲ ಎಂದು ಹಬೀಬಾ ಎಣಿಸಿದಳು. ಕೊನೆಗೆ ಅವನೇ ಬಟ್ಟಲು ಮಗುಚಿಟ್ಟು, ಅಮ್ಮಾ, ಇನ್ನು ನನ್ನನ್ನ ಬಿಡಿ, ಬಸ್ಸು ಹೋಗತ್ತೆ ಎಂದು ಎದ್ದ.

ಏಪ್ರಿಲ್ ಕೊನೆಗೆ ಪತ್ರ ಬಂತು. ಕಂಪನಿ ಹಣ ಕೊಟ್ಟಿತು. ಆ ಗೋದಾಮಿನವರ ಮೇಲೆ ತಾನು ಬೇರೆ ಜಗಳ ಹೂಡಿತು, ಅದು ಏನಾಯಿತೋ ಯಾರಿಗೂ ಗೊತ್ತಿಲ್ಲ. ಗುಲ್ಚೆಹ್ರಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪತ್ರ ಓದಿದಳು. ಖೋಲಾ ಎರಡು ಸಲ ಓದಿಸಿದಳು. ಹಣದ ಸಾಲು ಬಂದಾಗ ಮುಂದೆ ಹೋಗು ಎಂದು ಕೈ ಆಡಿಸಿದಳು.

"ನನ್ನ ಹೆಸರಿದೆಯಾ?"

"ಇದೆ ಖೋಲಾ. ಕಟ್ಟಿದ್ದು ಸರಿಯಾಗಿತ್ತು ಅಂತಾನೇ ಇದೆ. ಇನ್ನೊಂದು ಮಾತಿದೆ ಕೇಳಿ. ಇನ್ಮೇಲೆ ನಮ್ಮ ಸರಕಿಗೆ ವಿಮೆ ಬೇಕಂದ್ರೆ ಎಲ್ಲ ಕಟ್ಟೂ ಎಡಕ್ಕೆ ತಿರುಗಿದ ಗಂಟಲ್ಲೇ ಇರ್ಬೇಕಂತೆ. ತಗೊಳ್ಳೋರು ಮೊದ್ಲು ಗಂಟಿನ ಫೋಟೋ ತೆಗೀಬೇಕಂತೆ. ಅದೇ ನಮ್ಮ ಗುರುತಂತೆ."

ಹೀಗಾಗಿ ಆ ಬೇಸಿಗೆಯಲ್ಲಿ ಶೆಡ್ಡಿಗೆ ಸೇರಿದ ನಾಲ್ಕು ಹುಡುಗಿಯರೂ, ಅವರ ಜೊತೆ ಐವತ್ತು ದಾಟಿದ ಹಬೀಬಾಳೂ, ಎಡಗೈಯಲ್ಲಿ ಗಂಟು ಹಾಕುವುದನ್ನು ಕಲಿಯಲು ಕೂತರು. ಬಲಗೈ ತಾನೇ ಮುಂದೆ ನುಗ್ಗುತ್ತಿತ್ತು. ಖೋಲಾ ಅದನ್ನು ತಲೆವಸ್ತ್ರದಿಂದ ಅವರವರ ಸೊಂಟಕ್ಕೆ ಕಟ್ಟಿದಳು, ಸಡಿಲವಾಗಿ, ನೋಯದ ಹಾಗೆ. ಹಬೀಬಾ ಮಾತ್ರ, ಈ ವಯಸ್ಸಲ್ಲಿ ನನ್ನ ಕೈ ಕಟ್ಟಿಹಾಕೋಕೆ ನನ್ನ ಗಂಡನಿಗೇ ಆಗಲಿಲ್ಲ ಎಂದು ಗೊಣಗುತ್ತಿದ್ದಳು. ಶವ್ಕತ್ ತರಿಸಿದ ಗುಳ್ಳೆ ಪ್ಲಾಸ್ಟಿಕ್ಕಿನ ಒಂದು ಸುರುಳಿ ಕೋಳಿಗೂಡಿನ ಮಾಡಿಗೆ ಹೋಯಿತು, ಇನ್ನೊಂದನ್ನು ಮಗು ಕೂತು ಪಟಪಟ ಒಡೆಯುತ್ತಾ ಎರಡು ವರ್ಷ ಆಡಿತು.

ಸ್ವಲ್ಪ ದಿನಕ್ಕೆ ಹುಡುಗಿಯರ ತಾಯಂದಿರು ಜಗಳಕ್ಕೆ ಬಂದರು. ನಿಮ್ಮ ಶೆಡ್ಡಿಗೆ ಕಳಿಸಿದ ಮೇಲೆ ನಮ್ಮ ಹುಡುಗಿ ಎಲ್ಲದಕ್ಕೂ ಎಡಗೈ ಚಾಚುತ್ತಾಳೆ, ನಾಳೆ ಅತ್ತೆ ಮನೆಯವರು ಏನಂದಾರು ಎಂದರು. ಖೋಲಾ ಅವರನ್ನು ಕೂರಿಸಿ, ಚಹಾ ಸ್ವಲ್ಪವೇ ಬಗ್ಗಿಸಿ, ಹುಡುಗಿಯರಿಗೆ ಕೇಳುವಂತೆ ಹೇಳಿದಳು:

"ರೊಟ್ಟಿ ಬಲಗೈಲಿ. ಅದು ನಮ್ಮಜ್ಜಿ ಹಾಕಿದ ನಿಯಮ. ಗಂಟು ಎಡಗೈಲಿ. ಅದು ಕಂಪನಿ ಹಾಕಿದ ನಿಯಮ. ಎರಡನ್ನೂ ನಾನು ಮೀರೋಳಲ್ಲ."

ಆಮೇಲೆ ಎದ್ದು, ಆಗಷ್ಟೇ ಮೊಳೆ ಬಡಿದ ಪೆಟ್ಟಿಗೆಯ ಮೇಲೆ ಒಮ್ಮೆ ಕೂತು, ಎದ್ದು, ಅದರ ಬೆನ್ನು ತಟ್ಟಿ, ಹೋಗಿ ಬಾ ಎಂದಳು.